ವಾಟರ್ ಹೀಟರಿಗೆ ಎಕ್ಸ್‌ಪಾನ್ಷನ್ ಟ್ಯಾಂಕ್: ಪೈಪಿನ ಮೇಲೆ ಭಾರ ಬೀಳದಂತೆ ಕೂರಿಸುವ ಸಮಗ್ರ ಮಾರ್ಗದರ್ಶಿ

ಎಕ್ಸ್‌ಪಾನ್ಷನ್ ಟ್ಯಾಂಕ್ ಎಂದರೆ ಒಳಗಿನ ರಬ್ಬರ್ ಪೊರೆಯ ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ನೀರು ಇರುವ ಸಣ್ಣ ಟ್ಯಾಂಕ್; ಹೀಟರಿನಲ್ಲಿ ಕಾದು ಹಿಗ್ಗಿದ ನೀರಿಗೆ ಅದು ಜಾಗ ಕೊಡುತ್ತದೆ. ಟ್ಯಾಂಕ್ ಕೂರಿಸಿದ ಕೆಲವೇ ತಿಂಗಳಲ್ಲಿ ಅದನ್ನು ಪೈಪಿಗೆ ಸೇರಿಸುವ ಮೂರು ಬಾಯಿಯ ಟೀ ಜೋಡಣೆಯ ಬಳಿ ನೀರು ಜಿನುಗತೊಡಗಿತು, ಟ್ಯಾಂಕ್ ಒಂದು ಮಗ್ಗುಲಿಗೆ ವಾಲಿತು, ಇಷ್ಟೆಲ್ಲ ಮಾಡಿದರೂ ಒತ್ತಡ ಮೀರಿದಾಗ ನೀರು ಹೊರಬಿಡುವ ಸೇಫ್ಟಿ ವಾಲ್ವ್ ಮೊದಲಿನಂತೆಯೇ ತೊಟ್ಟಿಕ್ಕುತ್ತಿದೆ: ಓದುಗರಿಂದ ಮತ್ತೆ ಮತ್ತೆ ಬರುವ ದೂರುಗಳು ಈ ಮೂರೇ. ಮೂರರ ಬೇರೂ ಒಂದೇ ಕಡೆ ಇದೆ. ಟ್ಯಾಂಕನ್ನು ಡಬ್ಬದಿಂದ ತೆಗೆದ ಕೂಡಲೇ ಪೈಪಿಗೆ ತಿರುಗಿಸುತ್ತಾರೆ, ಆಮೇಲೆ ಅದಕ್ಕೊಂದು ಆಧಾರ ಹುಡುಕುತ್ತಾರೆ, ಗಾಳಿಯ ವಿಷಯವನ್ನು ಕೊನೆಗೆ ಬಿಟ್ಟು ಮರೆತೇಬಿಡುತ್ತಾರೆ. ಆಗಬೇಕಾದ ಕ್ರಮ ಇದಕ್ಕೆ ತೀರ ತಿರುಗಾಮುರುಗಾ: ಮೊದಲು ಗಾಳಿ, ಅನಂತರ ಗೋಡೆಯ ಆಧಾರ, ಅದಾದ ಮೇಲೆ ಪೈಪಿನ ಜೋಡಣೆ, ಕಟ್ಟಕಡೆಗೆ ನೀರು.

ಈ ಬರಹವನ್ನು ಒಮ್ಮೆ ಪೂರ್ತಿ ಓದಿ, ಬಳಿಕವೇ ಪಾನಾ ಕೈಗೆತ್ತಿಕೊಳ್ಳುವುದು ಒಳ್ಳೆಯದು. ನಡುವೆ ಒಂದು ರಾತ್ರಿ ಸುಮ್ಮನೆ ಕಾಯಬೇಕಾದ ಹಂತವಿರುವುದರಿಂದ ಇದು ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ.

ಬೇಕಾಗುವ ಸಾಮಾನು

ನಲ್ಲಿಗೆ ತಿರುಗಿಸಿ ಕೂರಿಸುವ ನೀರಿನ ಪ್ರೆಶರ್ ಗೇಜ್, ಟೈರಿನ ಗಾಳಿ ಅಳೆಯುವ ಗೇಜ್ ಮತ್ತು ಸೈಕಲ್ಲಿಗೆ ಗಾಳಿ ಹೊಡೆಯುವ ಕೈಪಂಪು, ಈ ಮೂರು ಇಲ್ಲದೆ ಕೆಲಸ ಆರಂಭಿಸಲೇಬಾರದು. ಇವುಗಳ ಜೊತೆಗೆ ಎರಡು ಪೈಪ್ ರೆಂಚ್, ಡ್ರಿಲ್, ಸ್ಪಿರಿಟ್ ಲೆವೆಲ್, ಟೆಫ್ಲಾನ್ ಟೇಪ್, ಹಿತ್ತಾಳೆಯ ಟೀ ಮತ್ತು ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ಗಿಡ್ಡ ಪೈಪಿನ ತುಂಡು), ಟ್ಯಾಂಕಿನ ಸುತ್ತಳತೆಗೆ ಹೊಂದುವ ಪಟ್ಟಿಯುಳ್ಳ ಬ್ರ್ಯಾಕೆಟ್, ಗೋಡೆಗೆ ತಕ್ಕ ಆಂಕರ್ ಬೋಲ್ಟ್, ಒಂದು ಬಕೆಟ್, ಸ್ವಲ್ಪ ಸಾಬೂನು ನೀರು ಬೇಕು. ನಿಮ್ಮ ಪೈಪು ತಾಮ್ರದ್ದೋ ಪ್ಲಾಸ್ಟಿಕ್ಕಿನದೋ ಎಂಬುದರ ಮೇಲೆ ಕತ್ತರಿಸುವ ಮತ್ತು ಜೋಡಿಸುವ ಸಲಕರಣೆ ಬೇರೆಯಾಗುತ್ತದೆ.

ಟ್ಯಾಂಕ್ ಕೊಳ್ಳುವಾಗ ಅದು ಕುಡಿಯುವ ನೀರಿಗೆ ತಕ್ಕದ್ದೆಂದು ಅದರ ಮೇಲಿನ ಚೀಟಿಯಲ್ಲಿ ಬರೆದಿದೆಯೇ ಎಂದು ನೋಡಿ. ಕೋಣೆ ಬೆಚ್ಚಗಿಡುವ ಬಿಸಿನೀರಿನ ವ್ಯವಸ್ಥೆಗೆ ಬಳಸುವ ಟ್ಯಾಂಕ್‌ಗಳು ನೋಡಲು ಒಂದೇ ರೀತಿ ಇದ್ದರೂ, ಅವುಗಳ ಒಳಗಿನ ಉಕ್ಕಿಗೆ ತುಕ್ಕು ತಡೆಯುವ ಒಳಪದರ ಸಾಮಾನ್ಯವಾಗಿ ಇರುವುದಿಲ್ಲ. ದಿನವೂ ಹೊಸ ನೀರು ಹರಿದುಬರುವ ಕಡೆ ಅವು ಬೇಗ ತೂತಾಗುತ್ತವೆ.

1. ಟ್ಯಾಂಕ್ ಬೇಕೇ ಎಂದು ಖಚಿತಪಡಿಸಿಕೊಳ್ಳಿ

ಕಾದ ನೀರು ಹಿಗ್ಗುತ್ತದೆ. 10 ಡಿಗ್ರಿ ಸೆಲ್ಸಿಯಸ್‌ನ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಗಾತ್ರ ಸುಮಾರು ಶೇ. 1.7ರಷ್ಟು ಹೆಚ್ಚುತ್ತದೆ, 150 ಲೀಟರಿನ ಹೀಟರಿನಲ್ಲಿ ಇದು ಎರಡೂವರೆ ಲೀಟರ್. ಹೆಚ್ಚಾದ ಈ ನೀರು ತಣ್ಣೀರಿನ ಪೈಪಿನ ಮೂಲಕ ಹಿಂದಕ್ಕೆ ಸರಿಯಲು ದಾರಿಯಿದ್ದರೆ ತೊಂದರೆಯಿಲ್ಲ. ಎತ್ತರದ ತೊಟ್ಟಿಯಿಂದ ಯಾವ ತಡೆಯೂ ಇಲ್ಲದೆ ನೇರವಾಗಿ ಇಳಿದುಬರುವ ಪೈಪಿನಲ್ಲಿ ಆ ದಾರಿ ತೆರೆದೇ ಇರುತ್ತದೆ, ಅಲ್ಲಿ ಈ ಟ್ಯಾಂಕಿಗೆ ಖರ್ಚು ಮಾಡುವ ಅಗತ್ಯವಿಲ್ಲ.

ದಾರಿಯ ನಡುವೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ಎನ್‌ಆರ್‌ವಿ, ಒತ್ತಡ ತಗ್ಗಿಸುವ ವಾಲ್ವ್ ಅಥವಾ ಎನ್‌ಆರ್‌ವಿ ಇರುವ ಪ್ರೆಶರ್ ಪಂಪು ಇದ್ದರೆ ಕಥೆ ಬೇರೆ. ಹಿಗ್ಗಿದ ನೀರಿಗೆ ಹೋಗಲು ಜಾಗವಿಲ್ಲದೆ ಒತ್ತಡ ಏರಿ, ಕಡೆಗೆ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ. ಹೀಟರ್ ಕಾಯುವ ಹೊತ್ತಿನಲ್ಲಿ ಮಾತ್ರ ತೊಟ್ಟಿಕ್ಕಿ ಆಮೇಲೆ ನಿಲ್ಲುವ ವಾಲ್ವ್, ಕಾದ ನಂತರ ನಲ್ಲಿ ತಿರುಗಿಸಿದ ಕೂಡಲೇ ಒಂದು ಕ್ಷಣ ರಭಸವಾಗಿ ಚಿಮ್ಮಿ ತಕ್ಷಣ ಸಾಧಾರಣಕ್ಕೆ ಬರುವ ನೀರು, ಇವೆರಡೂ ಅದರ ಗುರುತು. ಹೊತ್ತುಗೊತ್ತಿಲ್ಲದೆ ಸದಾ ಸೋರುವ ವಾಲ್ವಿಗೆ ಕಾರಣ ಹೆಚ್ಚಾಗಿ ವಾಲ್ವಿನೊಳಗೇ ಇರುತ್ತದೆ; ಟ್ಯಾಂಕ್ ಹಾಕಿ ಅದನ್ನು ಗುಣಪಡಿಸಲಾಗದು.

ತೊಟ್ಟಿಕ್ಕುವುದನ್ನು ನಿಲ್ಲಿಸಲು ಸೇಫ್ಟಿ ವಾಲ್ವಿನ ಬಾಯಿಗೆ ಬಿರಟೆ ಹಾಕುವವರನ್ನು ನಾನು ಕಂಡಿದ್ದೇನೆ. ಥರ್ಮೋಸ್ಟಾಟ್ ಕೆಟ್ಟ ದಿನ ಆ ಹೀಟರ್ ಸಿಡಿಯದಂತೆ ತಡೆಯುವ ಕಟ್ಟಕಡೆಯ ರಕ್ಷಣೆ ಆ ವಾಲ್ವ್. ಯಾವ ಕಾರಣಕ್ಕೂ ಅದನ್ನು ಮುಚ್ಚಬೇಡಿ.

2. ನೀರಿನ ಒತ್ತಡವನ್ನು ಅಳೆಯಿರಿ

ಗೇಜನ್ನು ಮನೆಯ ಯಾವುದಾದರೂ ತಣ್ಣೀರಿನ ನಲ್ಲಿಗೆ ತಿರುಗಿಸಿ. ಒತ್ತಡ ತಗ್ಗಿಸುವ ವಾಲ್ವ್ ಇದ್ದರೆ, ಅಳೆಯುವ ನಲ್ಲಿ ಆ ವಾಲ್ವನ್ನು ದಾಟಿದ ಮೇಲಿನದಾಗಿರಬೇಕು. ಹೀಟರನ್ನು ಆರಿಸಿ, ಬೇರೊಂದು ನಲ್ಲಿಯನ್ನು ಅರ್ಧ ನಿಮಿಷ ಬಿಟ್ಟು ನಿಲ್ಲಿಸಿ, ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಮುಳ್ಳು ಎಲ್ಲಿ ನಿಂತಿದೆ ಎಂಬುದನ್ನು ಬರೆದುಕೊಳ್ಳಿ. ಹೀಗೆ ಸ್ವಲ್ಪ ನೀರು ಬಿಡದೆ ಅಳೆದರೆ, ಹಿಂದಿನ ಸಲ ಕಾಯಿಸಿದಾಗ ಏರಿದ ಒತ್ತಡವೂ ಸೇರಿ ತಪ್ಪು ಅಂಕಿ ಸಿಗುತ್ತದೆ.

ಒತ್ತಡ ತಗ್ಗಿಸುವ ವಾಲ್ವ್ ಇಲ್ಲದ ಕಡೆ ಹಗಲಿಗೂ ಇರುಳಿಗೂ ಒತ್ತಡ ಬದಲಾಗಬಹುದು. ಆದ್ದರಿಂದ ಎರಡು ಮೂರು ಹೊತ್ತಿನಲ್ಲಿ ಅಳೆದು, ಅವುಗಳಲ್ಲಿ ಹೆಚ್ಚಿನದನ್ನು ಲೆಕ್ಕಕ್ಕೆ ಹಿಡಿಯಿರಿ. ಮುಳ್ಳು 5.5 ಬಾರ್, ಅಂದರೆ 80 ಪಿಎಸ್‌ಐ ದಾಟುತ್ತಿದ್ದರೆ ಮೊದಲು ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಿ, ಟ್ಯಾಂಕಿನ ಮಾತು ಆಮೇಲೆ.

3. ಗಾತ್ರ ನಿರ್ಧರಿಸಿ

ತಯಾರಕರು ಕೊಡುವ ಪಟ್ಟಿಯಲ್ಲಿ ಹೀಟರಿನ ಲೀಟರ್ ಮತ್ತು ನೀರಿನ ಒತ್ತಡ ಎರಡನ್ನೂ ಹೊಂದಿಸಿ ನೋಡಿದರೆ ಬೇಕಾದ ಗಾತ್ರ ಸಿಗುತ್ತದೆ. ಆ ಪಟ್ಟಿ ಹೇಗೆ ಹುಟ್ಟುತ್ತದೆಂಬುದನ್ನು ಒಂದು ಲೆಕ್ಕದಲ್ಲಿ ತೋರಿಸಬಹುದು. ಮನೆಯ ಒತ್ತಡ 4 ಬಾರ್, ಸೇಫ್ಟಿ ವಾಲ್ವ್ ತೆರೆಯುವುದು 7 ಬಾರ್‌ಗೆ ಎಂದುಕೊಳ್ಳಿ. ಒಂದು ಬಾರ್ ಅಂತರ ಉಳಿಸಿಕೊಂಡು ಒತ್ತಡ 6 ಬಾರ್ ಮೀರಬಾರದೆಂದು ಇಟ್ಟುಕೊಳ್ಳೋಣ. ವಾತಾವರಣದ ಒಂದು ಬಾರ್ ಸೇರಿಸಿದರೆ ಇವು 5 ಮತ್ತು 7 ಆಗುತ್ತವೆ. ಟ್ಯಾಂಕಿನೊಳಗಿನ ಗಾಳಿ 5ರಿಂದ 7ಕ್ಕೆ ಒತ್ತಲ್ಪಟ್ಟಾಗ ಅದು ಏಳರಲ್ಲಿ ಐದು ಪಾಲಿಗೆ ಕುಗ್ಗುತ್ತದೆ. ತೆರವಾದ ಉಳಿದ ಎರಡು ಪಾಲು ನೀರಿಗೆ ಸಿಗುವ ಜಾಗ. ಎರಡೂವರೆ ಲೀಟರ್ ನೀರಿಗೆ ಜಾಗ ಕೊಡಲು ಸುಮಾರು 9 ಲೀಟರಿನ ಟ್ಯಾಂಕ್ ಬೇಕಾಗುತ್ತದೆ, ಮಾರಾಟದಲ್ಲಿ ಸಿಗುವ ಅಳತೆಗಳಲ್ಲಿ 12 ಲೀಟರಿನದನ್ನು ಆರಿಸುವುದು ಕ್ಷೇಮ. 25 ಲೀಟರಿನ ಪುಟ್ಟ ಹೀಟರಿಗೆ ಇದೇ ಲೆಕ್ಕದಲ್ಲಿ 2 ಲೀಟರಿನ ಟ್ಯಾಂಕ್ ಸಾಕು.

ಟ್ಯಾಂಕ್ ಒಂದಳತೆ ದೊಡ್ಡದಾದರೆ ನೀರಿಗೇನೂ ಕೇಡಿಲ್ಲ. ಆದರೆ ಅದರ ಭಾರ ನಿಮ್ಮ ಗೋಡೆಯ ಮೇಲೆ ಬೀಳುತ್ತದೆ.

4. ನೀರು ಸೋಕುವ ಮೊದಲೇ ಗಾಳಿ ಸರಿಮಾಡಿ

ಟ್ಯಾಂಕನ್ನು ಮೇಜಿನ ಮೇಲಿಟ್ಟು, ಥ್ರೆಡ್ ಇರುವ ತುದಿಗೆ ಎದುರಾದ ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಒಳಗೆ ಕಾರಿನ ಟೈರಿನಲ್ಲಿರುವಂಥ ಗಾಳಿಯ ವಾಲ್ವ್ ಕಾಣುತ್ತದೆ. ಟೈರ್ ಗೇಜ್ ಒತ್ತಿ ನೋಡಿ. ಮನೆಬಳಕೆಯ ಟ್ಯಾಂಕ್‌ಗಳಲ್ಲಿ ಹಲವು 2.8 ಬಾರ್ ಅಥವಾ 40 ಪಿಎಸ್‌ಐ ಗಾಳಿಯೊಂದಿಗೆ ಬರುತ್ತವೆ. ಟ್ಯಾಂಕಿನ ಚೀಟಿ ಬೇರೇನನ್ನೂ ಹೇಳದಿದ್ದರೆ, ಈ ಗಾಳಿ ನೀವು ಎರಡನೆಯ ಹಂತದಲ್ಲಿ ಬರೆದುಕೊಂಡ ನೀರಿನ ಒತ್ತಡಕ್ಕೆ ಸಮನಾಗಿರಬೇಕು. ಕೆಲವು ತಯಾರಕರು 0.2 ಬಾರ್ ಕಡಿಮೆ ಇಡಲು ಹೇಳುತ್ತಾರೆ, ಆಗ ಹಾಗೆಯೇ ಮಾಡಿ.

ಇದನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ? ಮೇಲಿನ ಲೆಕ್ಕವನ್ನೇ ಮುಂದುವರಿಸಿ: ನೀರು 4 ಬಾರ್, ಗಾಳಿ 2.8 ಬಾರ್ ಇದ್ದರೆ, ಹೀಟರ್ ಹೊತ್ತಿಸುವ ಮುಂಚೆಯೇ ತಣ್ಣೀರು ಒಳನುಗ್ಗಿ ಟ್ಯಾಂಕಿನ ಕಾಲುಭಾಗ ತುಂಬಿಕೊಳ್ಳುತ್ತದೆ. ಹಿಗ್ಗುವ ನೀರಿಗೆ ಸಿಗಬೇಕಾದ ಜಾಗದಲ್ಲಿ ನಾಲ್ಕನೆಯ ಒಂದು ಪಾಲು ಹಾಗೇ ಕಳೆದುಹೋಗುತ್ತದೆ. ಹೊಸ ಟ್ಯಾಂಕ್ ಹಾಕಿದರೂ ವಾಲ್ವ್ ತೊಟ್ಟಿಕ್ಕುತ್ತಿದೆ ಎನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಗಾಳಿ ಅಳೆದಿರಾ? ಗಾಳಿ ಹೆಚ್ಚಾದರೂ ತಪ್ಪೇ. ನೀರಿನ ಒತ್ತಡ ಗಾಳಿಯ ಒತ್ತಡವನ್ನು ಮೀರುವ ತನಕ ಟ್ಯಾಂಕಿನೊಳಕ್ಕೆ ಒಂದು ಹನಿಯೂ ಹೋಗುವುದಿಲ್ಲ.

ಗಾಳಿ ತುಂಬಲು ಕೈಪಂಪೇ ಲೇಸು. ಕಂಪ್ರೆಸರ್ ಹಿಡಿದರೆ ಇಷ್ಟು ಸಣ್ಣ ಟ್ಯಾಂಕಿನಲ್ಲಿ ಕ್ಷಣಾರ್ಧದಲ್ಲಿ ಅಂಕಿ ಮೀರಿಹೋಗಿ ಒಳಗಿನ ರಬ್ಬರ್ ಪೊರೆ ಜಗ್ಗಬಹುದು. ಬೇಕಾದಷ್ಟು ತುಂಬಿದ ಮೇಲೆ ವಾಲ್ವಿನ ಬಾಯಿಗೆ ಒಂದು ಹನಿ ಸಾಬೂನು ನೀರು ಬಿಡಿ, ಗುಳ್ಳೆ ಏಳದಿದ್ದರೆ ಮುಚ್ಚಳ ತಿರುಗಿಸಿ, ಒಂದು ರಾತ್ರಿ ಹಾಗೇ ಇಟ್ಟು ಬೆಳಗ್ಗೆ ಮತ್ತೆ ಅಳೆಯಿರಿ. ರಾತ್ರಿ ಕಳೆಯುವಷ್ಟರಲ್ಲಿ ಗಾಳಿ ಎದ್ದುಕಾಣುವಂತೆ ಇಳಿದಿದ್ದರೆ ಟ್ಯಾಂಕನ್ನು ಅಂಗಡಿಗೆ ಹಿಂದಿರುಗಿಸಿ.

5. ಜಾಗ ಗೊತ್ತುಮಾಡಿ

ಟ್ಯಾಂಕ್ ಸೇರಬೇಕಾದದ್ದು ತಣ್ಣೀರಿನ ಪೈಪಿಗೆ, ಬಿಸಿನೀರಿನದಕ್ಕಲ್ಲ. ನೀರು ಬರುವ ದಿಕ್ಕಿನಲ್ಲಿ ಎಣಿಸಿದರೆ ಮೊದಲು ಎನ್‌ಆರ್‌ವಿ ಅಥವಾ ಒತ್ತಡ ತಗ್ಗಿಸುವ ವಾಲ್ವ್, ಆಮೇಲೆ ಹೀಟರಿನ ಸ್ಟಾಪ್ ವಾಲ್ವ್, ಅದಾದ ಮೇಲೆ ಟ್ಯಾಂಕಿನ ಟೀ, ಕೊನೆಗೆ ಹೀಟರ್. ಟೀ ಮತ್ತು ಹೀಟರ್ ನಡುವೆ ಮುಚ್ಚಬಹುದಾದ ಯಾವ ವಾಲ್ವೂ ಇರಕೂಡದು. ಯಾರೋ ಒಬ್ಬರು ಅದನ್ನು ಮುಚ್ಚಿ ಹೀಟರ್ ಹಚ್ಚಿದರೆ ಟ್ಯಾಂಕ್ ಇದ್ದೂ ಇಲ್ಲದಂತೆ.

ಇಲ್ಲೊಂದು ಮೋಸವಿದೆ. ಗೋಡೆಗೆ ತೂಗುಹಾಕುವ ಹಲವು ಹೀಟರ್‌ಗಳಲ್ಲಿ ತಣ್ಣೀರು ಒಳಹೋಗುವ ಬಾಯಿಗೇ ಸೇಫ್ಟಿ ವಾಲ್ವ್ ಕೂರಿಸಿರುತ್ತಾರೆ, ಅದರ ಹೊಟ್ಟೆಯೊಳಗೇ ಒಂದು ಎನ್‌ಆರ್‌ವಿಯೂ ಅಡಗಿರುತ್ತದೆ. ಅಂಥ ಕಡೆ ಟ್ಯಾಂಕನ್ನು ಆ ವಾಲ್ವಿಗಿಂತ ಹಿಂದೆ ಹಾಕಿದರೆ ಹಿಗ್ಗಿದ ನೀರು ಟ್ಯಾಂಕನ್ನು ತಲುಪುವುದೇ ಇಲ್ಲ. ಟೀ ಬರಬೇಕಾದದ್ದು ವಾಲ್ವಿಗೂ ಹೀಟರಿಗೂ ನಡುವೆ. ವಾಲ್ವಿನ ಮೈಮೇಲೆ ಕೆತ್ತಿರುವ ಬಾಣದ ಗುರುತು ಒಂದೇ ದಿಕ್ಕನ್ನು ತೋರಿಸುತ್ತಿದ್ದರೆ ಒಳಗೆ ಎನ್‌ಆರ್‌ವಿ ಇದೆಯೆಂದೇ ತಿಳಿಯಿರಿ.

ಟ್ಯಾಂಕಿನೊಳಗಿನ ರಬ್ಬರ್ ಪೊರೆಗೆ ಬಿಸಿ ಹೆಚ್ಚು ತಾಗಿದಷ್ಟೂ ಆಯಸ್ಸು ಕಡಿಮೆ. ಪೈಪಿನ ಅಳತೆಯಲ್ಲಿ ಹೀಟರಿನಿಂದ 45 ಸೆಂಟಿಮೀಟರ್‌ನಷ್ಟಾದರೂ ದೂರ ಬಿಡಿ. ನೀರು ಹೆಪ್ಪುಗಟ್ಟುವಷ್ಟು ಚಳಿ ಹೊಗುವ ಜಾಗವೂ ಬೇಡ. ಕೊನೆಯದಾಗಿ, ಗಾಳಿಯ ವಾಲ್ವಿಗೆ ಕೈಪಂಪಿನ ಬಾಯಿ ಎಟುಕುತ್ತದೆಯೇ ಎಂದು ನೋಡಿ. ಚಾವಣಿಗೆ ಅಂಟಿದಂತೆ ಕೂರಿಸಿದ ಟ್ಯಾಂಕಿಗೆ ಮತ್ತೆಂದೂ ಯಾರೂ ಗಾಳಿ ನೋಡುವುದಿಲ್ಲ.

6. ಆಧಾರ: ಈ ಕೆಲಸದ ನಿಜವಾದ ಭಾಗ

ಖಾಲಿ ಟ್ಯಾಂಕನ್ನು ಕೈಯಲ್ಲಿ ಹಿಡಿದಾಗ ಅದು ಹಗುರ. 18 ಲೀಟರಿನದು ನಾಲ್ಕೈದು ಕಿಲೋ ತೂಗಿದರೆ ಹೆಚ್ಚು. ಪೈಪಿಗೆ ತಿರುಗಿಸಿ ನೋಡಿದಾಗ ಅಲುಗಾಡದೆ ನಿಲ್ಲುತ್ತದೆ, ಆಧಾರ ಯಾಕೆ ಎನ್ನಿಸುತ್ತದೆ. ಆದರೆ ರಬ್ಬರ್ ಪೊರೆ ಒಂದಲ್ಲ ಒಂದು ದಿನ ಹರಿದೇ ಹರಿಯುತ್ತದೆ, ಸಾಮಾನ್ಯವಾಗಿ ಐದರಿಂದ ಹತ್ತು ವರ್ಷಗಳ ಒಳಗೆ. ಆಗ ಗಾಳಿಯ ಕಡೆಗೂ ನೀರು ನುಗ್ಗಿ, ಟ್ಯಾಂಕ್ ಬಹುಮಟ್ಟಿಗೆ ತುಂಬಿ, ಅದೇ ಟ್ಯಾಂಕ್ 22 ಕಿಲೋ ಆಗುತ್ತದೆ. ಅಡ್ಡಲಾಗಿ ಚಾಚಿಕೊಂಡ ಟ್ಯಾಂಕಾದರೆ ಈ ಭಾರದ ನಡುಬಿಂದು ಟೀಯಿಂದ ಸುಮಾರು 20 ಸೆಂಟಿಮೀಟರ್ ಆಚೆ ಇರುತ್ತದೆ. ಅಂದರೆ ಗೇಣುದ್ದದ ಪಾನಾವನ್ನು ನಿಪ್ಪಲ್ಲಿಗೆ ಸಿಕ್ಕಿಸಿ, ಅದರ ತುದಿಗೆ 22 ಕಿಲೋ ಕಲ್ಲು ಕಟ್ಟಿ ಹಗಲೂ ರಾತ್ರಿ ಬಿಟ್ಟಂತೆ. ಮುಕ್ಕಾಲು ಇಂಚಿನ ಥ್ರೆಡ್ ನೀರು ಸೋರದಂತೆ ತಡೆಯಲು ಇರುವುದು, ಭಾರ ಹೊರಲು ಅಲ್ಲ.

ಪೊರೆ ಹರಿಯುವ ಮೊದಲೂ ಥ್ರೆಡ್ಡಿಗೆ ವಿಶ್ರಾಂತಿಯಿಲ್ಲ. ಹೀಟರ್ ಕಾದಾಗಲೆಲ್ಲ ಒಂದೆರಡು ಕಿಲೋ ನೀರು ಟ್ಯಾಂಕಿಗೆ ಬಂದು, ನಲ್ಲಿ ತೆರೆದಾಗ ಹೊರಟುಹೋಗುತ್ತದೆ. ದಿನಕ್ಕೆ ಹಲವು ಸಲ ಹೀಗೆ ತೂಗಿ ತೂಗಿ ದಣಿದ ಥ್ರೆಡ್ ಬಿರುಕುಬಿಡುವುದು ಬುಡದ ಮೊದಲ ಸುತ್ತಿನಲ್ಲಿ. ನಾನು ಬಿಚ್ಚಿ ನೋಡಿದ ಒಂದು ಪ್ಲಾಸ್ಟಿಕ್ ಟೀಯಲ್ಲಿ ಬಿರುಕು ಕೂದಲೆಳೆಯಷ್ಟು ಸಣ್ಣದಿತ್ತು, ಟ್ಯಾಂಕನ್ನು ಕೈಯಿಂದ ಮೇಲಕ್ಕೆತ್ತಿ ಹಿಡಿದಾಗ ಸೋರಿಕೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಜಿನುಗುತ್ತಿತ್ತು. ಆ ಮನೆಯವರು ಅದರ ಮೇಲೆ ಮೂರು ಬಗೆಯ ಅಂಟು ಬಳಿದಿದ್ದರು.

ಯಾವ ಭಂಗಿ ಒಳ್ಳೆಯದು ಎಂಬುದಕ್ಕೆ ನನ್ನ ಉತ್ತರ ಹೀಗಿದೆ. ಥ್ರೆಡ್ ಮೇಲ್ಮುಖವಾಗಿ, ಟ್ಯಾಂಕ್ ಪೈಪಿನ ಕೆಳಗೆ ನೇರವಾಗಿ ಇಳಿಬಿದ್ದು, ಅದರ ತಳ ಗೋಡೆಗೆ ಬಿಗಿದ ಪುಟ್ಟ ಹಲಗೆ ಬ್ರ್ಯಾಕೆಟ್ಟಿನ ಮೇಲೆ ಕುಳಿತು, ನಡುವಿಗೊಂದು ಪಟ್ಟಿ ಇದ್ದರೆ ಅದಕ್ಕಿಂತ ಭದ್ರವಾದದ್ದಿಲ್ಲ. ಆದರೆ ಗಾಳಿಯ ವಾಲ್ವ್ ಇರುವುದು ಆ ತಳದಲ್ಲೇ; ಹಲಗೆಯಲ್ಲಿ ಪಂಪಿನ ಬಾಯಿ ಹೋಗುವಷ್ಟು ತೂತು ಕೊರೆಯಲು ಮರೆಯಬೇಡಿ. ಪೈಪಿನ ಮೇಲೆ ಟ್ಯಾಂಕನ್ನು ನೆಟ್ಟಗೆ ನಿಲ್ಲಿಸುವುದಾದರೆ ಭಾರಕ್ಕಿಂತ ಅದು ವಾಲುವುದೇ ಭಯ, ಹಾಗಾಗಿ ಟ್ಯಾಂಕಿನ ಮೇಲ್ಭಾಗವನ್ನು ಪಟ್ಟಿಯಿಂದ ಗೋಡೆಗೆ ಬಿಗಿಯಬೇಕು, ಕೆಳಗಿನ ಪೈಪನ್ನೂ ಟೀಯ ಎರಡು ಬದಿಯಲ್ಲಿ ಕ್ಲ್ಯಾಂಪ್ ಮಾಡಬೇಕು. ಅಡ್ಡ ಮಲಗಿಸುವುದು ಬೇರೆ ದಾರಿಯಿಲ್ಲದಾಗ ಮಾತ್ರ. ಆಗ ಎರಡು ಪಟ್ಟಿ ಬೇಕು, ಒಂದು ಟ್ಯಾಂಕಿನ ನಡುವಿನಿಂದ ಆಚೆಯ ತುದಿಯ ಕಡೆಗಿರಬೇಕು. ಟೀಯ ಪಕ್ಕದಲ್ಲೇ ಒಂದೇ ಪಟ್ಟಿ ಕಟ್ಟಿದರೆ ಭಾರದ ಬಹುಪಾಲು ಥ್ರೆಡ್ಡಿನ ಮೇಲೆಯೇ ಉಳಿಯುತ್ತದೆ.

ಬ್ರ್ಯಾಕೆಟ್ ಕೂರಿಸುವ ಮುಂಚೆ ಟೀ, ನಿಪ್ಪಲ್, ಟ್ಯಾಂಕ್ ಮೂರನ್ನೂ ಟೇಪ್ ಇಲ್ಲದೆ ಸಡಿಲವಾಗಿ ಜೋಡಿಸಿ, ಅವು ಇರಬೇಕಾದ ಜಾಗದಲ್ಲಿ ಗೋಡೆಗೆ ಹಿಡಿದು ಪೆನ್ಸಿಲಿನಿಂದ ಗುರುತು ಹಾಕಿ. ಬಿಗಿ ಮಾಡುವಾಗ ಪ್ರತಿ ಸುತ್ತಿಗೆ ಟ್ಯಾಂಕ್ ಸುಮಾರು 1.8 ಮಿಲಿಮೀಟರ್ ಒಳಹೋಗುತ್ತದೆ. ಹಾಗಾಗಿ ಮೇಲೆ ಕೆಳಗೆ ಸರಿಸಬಹುದಾದ, ಉದ್ದ ತೂತಿನ ಬ್ರ್ಯಾಕೆಟ್ ಇದ್ದರೆ ಕೊನೆಯಲ್ಲಿ ಪರದಾಟ ತಪ್ಪುತ್ತದೆ.

ಬೋಲ್ಟ್ ಹಿಡಿಯಬೇಕಾದದ್ದು ಇಟ್ಟಿಗೆ ಅಥವಾ ಕಾಂಕ್ರೀಟನ್ನು. ಗಾರೆಯ ಪದರದಲ್ಲಿ, ಇಟ್ಟಿಗೆಗಳ ನಡುವಿನ ಸಂದಿನಲ್ಲಿ ಕೂತ ಪ್ಲಾಸ್ಟಿಕ್ ಪ್ಲಗ್ ಭಾರ ಬಿದ್ದ ಕೂಡಲೇ ಪುಡಿಯೊಡನೆ ಹೊರಬರುತ್ತದೆ. ಟೊಳ್ಳು ಇಟ್ಟಿಗೆಗೆ ಅದಕ್ಕೆಂದೇ ಮಾಡಿದ ಆಂಕರ್ ಬೇಕು. ಹಲಗೆಯ ಗೋಡೆಯಾದರೆ ಒಳಗಿನ ಮರದ ಕಂಬವನ್ನು ಹುಡುಕಿ ಅದಕ್ಕೇ ಸ್ಕ್ರೂ ಹೊಡೆಯಿರಿ. ಬ್ರ್ಯಾಕೆಟ್ ಬಿಗಿದಾದ ಮೇಲೆ ಅದಕ್ಕೆ 20 ಲೀಟರ್ ನೀರು ತುಂಬಿದ ಬಕೆಟ್ಟನ್ನು ತೂಗುಹಾಕಿ ರಾತ್ರಿಯಿಡೀ ಬಿಡಿ; 18 ಲೀಟರಿನ ಟ್ಯಾಂಕಾದರೆ ಎರಡು ಬಕೆಟ್. ಬೆಳಗ್ಗೆ ಪೆನ್ಸಿಲ್ ಗುರುತಿನಿಂದ ಬ್ರ್ಯಾಕೆಟ್ ಒಂದು ಕೂದಲೆಳೆ ಇಳಿದಿದ್ದರೂ ಬೋಲ್ಟಿನ ಜಾಗ ಬದಲಿಸಿ. ಇದೇ ರಾತ್ರಿ ಟ್ಯಾಂಕಿನ ಗಾಳಿಯ ಪರೀಕ್ಷೆಯೂ ನಡೆಯುತ್ತದೆ.

ಪಟ್ಟಿಗೂ ಟ್ಯಾಂಕಿಗೂ ನಡುವೆ ರಬ್ಬರ್ ತುಂಡು ಇರಿಸಿ. ಬಣ್ಣ ಕಿತ್ತ ಜಾಗದಲ್ಲೇ ತುಕ್ಕು ಹುಟ್ಟುತ್ತದೆ. ಪಕ್ಕದ ಪೈಪಿಗೋ, ಹೀಟರಿನ ಮೈಗೋ, ಗ್ಯಾಸ್ ಹೀಟರಿನ ಹೊಗೆಕೊಳವೆಗೋ ಪಟ್ಟಿ ಕಟ್ಟುವುದು ಆಧಾರವಲ್ಲ, ತೊಂದರೆಯನ್ನು ಇನ್ನೊಂದೆಡೆಗೆ ವರ್ಗಾಯಿಸುವುದು.

ಮನೆಯ ಪೈಪು ಸಿಪಿವಿಸಿ ಅಥವಾ ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನದಾಗಿದ್ದರೆ ಟ್ಯಾಂಕನ್ನು ನೇರವಾಗಿ ಟೀಗೆ ತಿರುಗಿಸುವ ಯೋಚನೆಯನ್ನೇ ಬಿಡಿ. ಟ್ಯಾಂಕನ್ನು ಪೂರ್ತಿಯಾಗಿ ಗೋಡೆಗೆ ಕೂರಿಸಿ, ಟೀಯಿಂದ ಟ್ಯಾಂಕಿಗೆ ಉಕ್ಕಿನ ಹೆಣಿಗೆಯ ಬಾಗುವ ಕನೆಕ್ಷನ್ ಪೈಪ್ ಹಾಕಿ. ಆ ಕನೆಕ್ಷನ್ ಪೈಪು ಕುಡಿಯುವ ನೀರಿಗೆ ತಕ್ಕದ್ದಾಗಿದ್ದು, ಸೇಫ್ಟಿ ವಾಲ್ವ್ ತೆರೆಯುವ ಒತ್ತಡಕ್ಕಿಂತ ಹೆಚ್ಚಿನದನ್ನು ತಾಳುವಂತಿರಬೇಕು. ಅದನ್ನು ಮಡಚಿದಂತೆ ಬಗ್ಗಿಸಬಾರದು.

7. ಹೀಟರ್ ಆರಿಸಿ ಪೈಪು ಕತ್ತರಿಸಿ

ವಿದ್ಯುತ್ ಹೀಟರಿಗೆ ಎಂಸಿಬಿಯನ್ನೇ ಇಳಿಸಿ, ಟೆಸ್ಟರಿನಿಂದ ವಿದ್ಯುತ್ ಇಲ್ಲವೆಂದು ನೋಡಿಕೊಳ್ಳಿ. ಗ್ಯಾಸಿನದಾದರೆ ಗ್ಯಾಸಿನ ವಾಲ್ವ್ ಮುಚ್ಚಿ. ನೀರಿನ ಸ್ಟಾಪ್ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ. ಕತ್ತರಿಸಿದಾಗ ಪೈಪಿನಿಂದ ಸುರಿಯುವ ನೀರು ಬಿಸಿಯಾಗಿರಬಹುದು; ಹೀಟರ್ ತಣಿಯಲು ಸಮಯ ಕೊಡಿ, ಹೀಟರಿನ ಮಟ್ಟಕ್ಕಿಂತ ಪೈಪು ಕೆಳಗಿದ್ದರೆ ಅಷ್ಟು ನೀರನ್ನು ಮೊದಲೇ ಬಸಿಯಿರಿ.

ತಾಮ್ರದ ಪೈಪಿಗೆ ಬೆಸುಗೆ ಹಾಕುವುದಿದ್ದರೆ ಟೀ ಮತ್ತು ನಿಪ್ಪಲ್ಲಿನ ಕೆಲಸವನ್ನೆಲ್ಲ ಟ್ಯಾಂಕ್ ದೂರದಲ್ಲಿರುವಾಗಲೇ ಮುಗಿಸಿ, ಪೂರ್ತಿ ಆರಲು ಬಿಡಿ. ಟ್ಯಾಂಕ್ ಜೋಡಿಸಿಟ್ಟು ಬೆಂಕಿ ಹಿಡಿದರೆ ರಬ್ಬರ್ ಪೊರೆ ಅಲ್ಲೇ ಸುಡುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ತಾಮ್ರ ಮತ್ತು ಜಿ.ಐ. (ಸತು ಲೇಪಿಸಿದ ಕಬ್ಬಿಣದ) ನಿಪ್ಪಲ್ ನೇರವಾಗಿ ಒಂದಕ್ಕೊಂದು ತಾಗಬಾರದು. ನೀರಿನ ಸಂಗದಲ್ಲಿ ಜಿ.ಐ. ಬೇಗ ತಿಂದುಹೋಗುತ್ತದೆ. ಅದಕ್ಕೇ ಹಿತ್ತಾಳೆ ಬೇಕೆಂದು ಆರಂಭದಲ್ಲೇ ಹೇಳಿದ್ದು.

8. ಟ್ಯಾಂಕನ್ನು ತಿರುಗಿಸಿ ಕೂರಿಸಿ

ಮುಕ್ಕಾಲು ಇಂಚಿನ ಥ್ರೆಡ್‌ಗಳಲ್ಲಿ ಎರಡು ಜಾತಿ ಇವೆ, ಬಿಎಸ್‌ಪಿ ಮತ್ತು ಎನ್‌ಪಿಟಿ. ಎರಡಕ್ಕೂ ಇಂಚಿಗೆ 14 ಸುತ್ತು. ಒಂದರ ಹಲ್ಲಿನ ಕೋನ 55 ಡಿಗ್ರಿ, ಇನ್ನೊಂದರದು 60. ಸುತ್ತಿನ ಲೆಕ್ಕ ಒಂದೇ ಇರುವುದರಿಂದ ಒಂದು ಇನ್ನೊಂದರೊಳಗೆ ಸಲೀಸಾಗಿ ಹೊಕ್ಕು ಬಿಗಿಯಾದಂತೆಯೂ ತೋರುತ್ತದೆ, ಎಷ್ಟು ಟೇಪ್ ಸುತ್ತಿದರೂ ಸೋರುವುದು ನಿಲ್ಲುವುದಿಲ್ಲ. ಟ್ಯಾಂಕಿನ ಚೀಟಿ ಮತ್ತು ಟೀಯ ಮೇಲಿನ ಅಕ್ಷರ ಒಂದೇ ಇವೆಯೇ ನೋಡಿ.

ಥ್ರೆಡ್ಡಿನ ತುದಿಯನ್ನು ನಿಮ್ಮ ಕಡೆಗೆ ಹಿಡಿದು ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ನಾಲ್ಕೈದು ಸುತ್ತು ಸುತ್ತಿ, ಮೊದಲ ಹಲ್ಲನ್ನು ಖಾಲಿ ಬಿಡಿ. ಟ್ಯಾಂಕನ್ನು ಕೈಯಿಂದಲೇ ಬಿಗಿಯಾಗುವ ತನಕ ತಿರುಗಿಸಿ, ಆಮೇಲೆ ಒಂದು ರೆಂಚಿನಿಂದ ಟೀಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ಟ್ಯಾಂಕಿನ ಕುತ್ತಿಗೆಯ ಆರುಮೂಲೆ ಭಾಗವನ್ನು ಒಂದೆರಡು ಸುತ್ತು ಬಿಗಿಯಿರಿ. ಆರುಮೂಲೆ ಇಲ್ಲದಿದ್ದರೆ ಪಟ್ಟಿಯ ರೆಂಚ್ ಬಳಸಿ. ಟ್ಯಾಂಕಿನ ಹೊಟ್ಟೆಗೆ ಪೈಪ್ ರೆಂಚ್ ಹಾಕಿದರೆ ತಗಡು ನೆಗ್ಗುತ್ತದೆ.

ಈಗ ಬ್ರ್ಯಾಕೆಟ್ಟನ್ನು ಸರಿಸಿ ಟ್ಯಾಂಕಿಗೆ ಮುಟ್ಟಿಸಿ, ಪಟ್ಟಿ ಬಿಗಿಯಿರಿ. ಟ್ಯಾಂಕನ್ನು ಬ್ರ್ಯಾಕೆಟ್ಟಿನ ಕಡೆಗೆ ಎಳೆದು ತರಬಾರದು, ಬ್ರ್ಯಾಕೆಟ್ಟೇ ಟ್ಯಾಂಕಿನ ಕಡೆಗೆ ಬರಬೇಕು. ಎಳೆದು ಬಿಗಿದ ಪೈಪಿನಲ್ಲಿ ಉಳಿಯುವ ಸೆಳೆತವೂ ಒಂದು ಭಾರವೇ.

9. ನೀರು ತುಂಬಿ, ಕಾಯಿಸಿ, ಗೇಜ್ ನೋಡಿ

ಬಿಸಿನೀರಿನ ನಲ್ಲಿ ತೆರೆದಿಟ್ಟುಕೊಂಡೇ ಸ್ಟಾಪ್ ವಾಲ್ವನ್ನು ನಿಧಾನವಾಗಿ ಬಿಡಿ. ನಲ್ಲಿಯಿಂದ ಗಾಳಿ ಉಗುಳುವುದು ನಿಂತು ನೀರು ಒಂದೇ ಧಾರೆಯಾಗಿ ಬಂದ ಮೇಲೆ ಅದನ್ನು ಮುಚ್ಚಿ. ಇಷ್ಟಾಗುವ ತನಕ ವಿದ್ಯುತ್ ಹೀಟರಿನ ಸ್ವಿಚ್ ಮುಟ್ಟಬೇಡಿ. ನೀರಿಲ್ಲದೆ ಹೊತ್ತಿದ ಎಲಿಮೆಂಟ್ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಒಣಗಿದ ಕಾಗದವನ್ನು ಒಂದೊಂದು ಜೋಡಣೆಯ ಸುತ್ತಲೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಪಸೆ ಕಾಗದದ ಮೇಲೆ ಚುಕ್ಕೆಯಾಗಿ ಕಾಣುತ್ತದೆ.

ಎಲ್ಲ ಒಣಗಿದ್ದರೆ ಗೇಜನ್ನು ಮತ್ತೆ ನಲ್ಲಿಗೆ ಹಾಕಿ, ಎಲ್ಲ ನಲ್ಲಿಗಳನ್ನೂ ಮುಚ್ಚಿ, ಹೀಟರನ್ನು ತಣ್ಣಗಿರುವಲ್ಲಿಂದ ಪೂರ್ತಿ ಕಾಯಲು ಬಿಡಿ. ನಮ್ಮ ಉದಾಹರಣೆಯ ಮನೆಯಲ್ಲಿ ಮುಳ್ಳು 4ರಿಂದ ನಿಧಾನವಾಗಿ ಏರಿ 6ರ ಒಳಗೆ ನಿಲ್ಲಬೇಕು. ಮುಳ್ಳು ಬೇಗ ಬೇಗ ಏರಿ ಸೇಫ್ಟಿ ವಾಲ್ವ್ ತೆರೆದರೆ ಗಾಳಿ ಹೆಚ್ಚು ಇಲ್ಲವೇ ಕಡಿಮೆಯಾಗಿದೆ, ಟ್ಯಾಂಕ್ ಸಣ್ಣದಾಗಿದೆ ಅಥವಾ ಎನ್‌ಆರ್‌ವಿಯ ತಪ್ಪು ಬದಿಯಲ್ಲಿದೆ. ಏರಲೇ ಇಲ್ಲವೆಂದರೆ ನಲ್ಲಿಯೊಂದು ಸೋರುತ್ತಿದೆ, ಇಲ್ಲವೇ ನಿಮ್ಮ ಪೈಪಿನ ದಾರಿ ಮೊದಲಿನಿಂದಲೂ ತೆರೆದೇ ಇತ್ತು.

10. ಆಮೇಲಿನ ತಪಾಸಣೆ ಮತ್ತು ಎಚ್ಚರಿಕೆಯ ಲಕ್ಷಣಗಳು

ವರ್ಷಕ್ಕೊಮ್ಮೆ ಗಾಳಿ ಅಳೆಯಿರಿ. ಇದರಲ್ಲಿ ಬಹುತೇಕ ಎಲ್ಲರೂ ಮಾಡುವ ತಪ್ಪೊಂದಿದೆ: ಪೈಪಿನಲ್ಲಿ ಒತ್ತಡವಿರುವಾಗಲೇ ಟೈರ್ ಗೇಜ್ ಒತ್ತಿ, ಅಂಕಿ ನೀರಿನ ಒತ್ತಡಕ್ಕೆ ಸಮನಾಗಿದೆಯೆಂದು ಸಮಾಧಾನಪಡುವುದು. ರಬ್ಬರ್ ಪೊರೆಯ ಒಂದು ಬದಿಯ ನೀರು ಇನ್ನೊಂದು ಬದಿಯ ಗಾಳಿಯನ್ನು ಒತ್ತುತ್ತಿರುವುದರಿಂದ, ಗಾಳಿ ಅರ್ಧ ಸೋರಿಹೋಗಿದ್ದರೂ ಆಗ ಗೇಜ್ ನೀರಿನ ಒತ್ತಡವನ್ನೇ ತೋರಿಸುತ್ತದೆ. ಹೀಟರ್ ಆರಿಸಿ, ಸ್ಟಾಪ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ನೀರಿನ ಒತ್ತಡ ಸೊನ್ನೆಗಿಳಿದ ಮೇಲೆ ಬರುವ ಅಂಕಿಯೇ ನಿಜ. ಕಡಿಮೆಯಿದ್ದರೆ ನಲ್ಲಿ ತೆರೆದಿರುವಾಗಲೇ ಕೈಪಂಪಿನಿಂದ ತುಂಬಿ.

ಗಾಳಿಯ ವಾಲ್ವಿನ ನಡುವಣ ಕಡ್ಡಿಯನ್ನು ಉಗುರಿನಿಂದ ಒತ್ತಿದಾಗ ಗಾಳಿಯ ಬದಲು ನೀರು ಬಂದರೆ ಪೊರೆ ಹರಿದಿದೆ. ಅದಕ್ಕೆ ರಿಪೇರಿ ಎಂಬುದು ಹೆಚ್ಚಿನ ಮನೆಬಳಕೆಯ ಟ್ಯಾಂಕ್‌ಗಳಲ್ಲಿ ಇಲ್ಲ, ಟ್ಯಾಂಕನ್ನೇ ಬದಲಿಸಬೇಕು. ಬಿಚ್ಚುವಾಗ ಅದು ನೀರು ತುಂಬಿದ ಭಾರವಾಗಿರುತ್ತದೆಂಬುದನ್ನು ನೆನಪಿಡಿ, ಒಬ್ಬರು ಕೆಳಗಿನಿಂದ ಹಿಡಿದಿರಲಿ. ಬೆರಳ ಗಂಟಿನಿಂದ ತಟ್ಟಿ ನೋಡುವ ಹಳೆಯ ಉಪಾಯವೂ ಬಳಕೆಯಲ್ಲಿದೆ. ಎಲ್ಲ ಕಡೆಯೂ ಮಂದವಾಗಿ ಸದ್ದಾದರೆ ಟ್ಯಾಂಕ್ ತುಂಬಿದೆ ಎಂದರ್ಥ. ಆದರೂ ಸದ್ದನ್ನು ನಂಬುವುದಕ್ಕಿಂತ ವಾಲ್ವಿನ ಕಡ್ಡಿ ಒತ್ತಿ ನೋಡುವುದು ವಾಸಿ.

ಟೀಯ ಸುತ್ತ ಹಸಿರು ಅಥವಾ ಬಿಳಿ ಹುಡಿ ಕಟ್ಟಿದ್ದರೆ ಅಲ್ಲಿ ನಿಧಾನವಾದ ಸೋರಿಕೆಯಿದೆ. ಪಟ್ಟಿ ಸಡಿಲವಾಗಿ ಟ್ಯಾಂಕಿಗೂ ಅದಕ್ಕೂ ನಡುವೆ ಕಾಗದ ತೂರುವಂತಿದ್ದರೆ ಬ್ರ್ಯಾಕೆಟ್ ಇಳಿದಿದೆ, ಭಾರ ಪೈಪಿಗೆ ಹೋಗಿದೆ. ಪೆನ್ಸಿಲ್ ಗುರುತು ಅಳಿಸದೆ ಉಳಿಸಿಕೊಂಡಿದ್ದರೆ ಇದನ್ನು ಕಣ್ಣಳತೆಯಲ್ಲೇ ಹೇಳಬಹುದು. ಟ್ಯಾಂಕ್ ಕೈಗೆ ಸದಾ ಬಿಸಿ ತಾಗುತ್ತಿದ್ದರೆ ಅದು ಹೀಟರಿಗೆ ತೀರ ಹತ್ತಿರದಲ್ಲಿದೆ. ಮುಂದಿನ ಟ್ಯಾಂಕ್ ಹಾಕುವಾಗ ಟೀಯನ್ನು ಇನ್ನಷ್ಟು ದೂರಕ್ಕೆ ಸರಿಸಿ, ಈ ಟ್ಯಾಂಕಿನ ಗಾಳಿಯನ್ನು ವರ್ಷದ ಬದಲು ಆರು ತಿಂಗಳಿಗೊಮ್ಮೆ ನೋಡಿಕೊಳ್ಳಿ.